ಬೆಂಗಳೂರಿನ ನಾಸ್ತಿಕರ, ವಿಚಾರವಾದಿಗಳ ಗುಂಪು: ತಿಂಗಳ ಭೇಟಿಯಲ್ಲಿ ವಾದ ಬಿಟ್ಟು ಬೇರೇನು ಮಾಡಬಹುದು?

ಗಾಂಧಿಬಜಾರ್ ಓದುಗ ಕೇಳಿದ್ದು:

ನಮಸ್ಕಾರ. ದಕ್ಷಿಣ ಬೆಂಗಳೂರಿನಲ್ಲಿ ದೇವರು ದಿಂಡಿರನ್ನು ನಂಬದವರ ಒಂದು ಸಣ್ಣ ಗುಂಪು ಇದೆ. ವಾಟ್ಸಾಪಿನಲ್ಲಿ ಅರವತ್ತು ಚಿಲ್ಲರೆ ಜನ, ಭೇಟಿಗೆ ಬರುವವರು ಎಂಟೊಂಬತ್ತು. ಬಂದವರ ಮಾತೆಲ್ಲ ‘ದೇವರು ಇದ್ದಾನಾ ಇಲ್ವಾ’ ಎಂಬಲ್ಲೇ ಸುತ್ತುತ್ತದೆ. ಒಂದು ಸಲ ಬಂದ ಹೆಂಗಸರು ಎರಡನೇ ಸಲ ಬರುವುದಿಲ್ಲ, ಮಕ್ಕಳಿಗಂತೂ ಮಾಡಲು ಏನೂ ಇಲ್ಲ.

ಮನೆಮಂದಿಯೆಲ್ಲ ಬರಬಹುದಾದ, ಕನ್ನಡದಲ್ಲೇ ನಡೆಯುವ, ಜೇಬಿಗೆ ಭಾರವಾಗದ ಚಟುವಟಿಕೆಗಳು ಬೇಕು. ಪಬ್ ಬೇಡ. ಜಾಗ ಎಲ್ಲಿ, ಏನು ಮಾಡಿದರೆ ಕೆಡುತ್ತದೆ, ಕಾನೂನಿನ ತೊಡಕು ಏನು? ಸಿದ್ಧಾಂತ ಬೇಡ, ಕೆಲಸಕ್ಕೆ ಬರುವ ವಿವರ ಇದ್ದರೆ ತಿಳಿಸಿ.

ಸೌತ್ ಎಂಡ್ ಸರ್ಕಲ್:

ಸರ್, ಚಟುವಟಿಕೆ ಆಮೇಲೆ. ಮೊದಲು ದಿನ, ಜಾಗ, ಗಂಟೆ ಮೂರನ್ನೂ ಕಟ್ಟಿಹಾಕಿ. ತಿಂಗಳ ಎರಡನೇ ಭಾನುವಾರ, ಬೆಳಗ್ಗೆ 10:30ರಿಂದ 12:30. ಮೂರೇ ಜನ ಬಂದರೂ ಬದಲಿಸಬೇಡಿ. ‘ಈ ವಾರ ಯಾರ್‍ಯಾರಿಗೆ ಆಗುತ್ತೆ’ ಅಂತ ಗುಂಪಿನಲ್ಲಿ ವೋಟು ಹಾಕಿಸಿದ ದಿನವೇ ಆ ಭೇಟಿ ಅರ್ಧ ಸತ್ತ ಹಾಗೆ, ಯಾಕೆಂದರೆ ‘ನೋಡೋಣ’ ಎಂದವರು ಯಾರೂ ಬರುವುದಿಲ್ಲ. ಎಚ್. ನರಸಿಂಹಯ್ಯನವರು 1962ರಲ್ಲಿ ಕಟ್ಟಿದ ಬೆಂಗಳೂರು ಸೈನ್ಸ್ ಫೋರಂ ನ್ಯಾಷನಲ್ ಕಾಲೇಜಿನಲ್ಲಿ ಹೇಗೆ ಬೇರೂರಿತು ನೋಡಿ. ಬುಧವಾರ ಸಂಜೆ ಅಂದರೆ ಉಪನ್ಯಾಸ ಇದ್ದೇ ಇರುತ್ತದೆ ಅಂತ ಜನರಿಗೆ ಗೊತ್ತಿತ್ತು, ಯಾರಿಗೂ ಫೋನ್ ಮಾಡಿ ಕೇಳಬೇಕಿರಲಿಲ್ಲ.

ಬೆಳಗಿನ ಹೊತ್ತೇ ಯಾಕೆ ಅಂದರೆ, ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಬೆಂಗಳೂರಿನ ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ ಸುರಿಯುತ್ತದೆ. ಹೆಣ್ಣುಮಕ್ಕಳು ಕತ್ತಲಾಗುವ ಮುಂಚೆ ಮನೆ ಸೇರುವ ಲೆಕ್ಕ ಹಾಕಬೇಕಾಗಿಲ್ಲ. ಜಾಗ ಮೆಟ್ರೋದಿಂದ ನಡೆಯುವ ದೂರದಲ್ಲಿರಲಿ. ಹಸಿರು ಮಾರ್ಗದ ನ್ಯಾಷನಲ್ ಕಾಲೇಜು, ಲಾಲ್‌ಬಾಗ್, ಸೌತ್ ಎಂಡ್ ನಿಲ್ದಾಣಗಳ ಸುತ್ತಮುತ್ತ ಹುಡುಕಿ. ದರ್ಶಿನಿಗಳು ಭೇಟಿಯ ಜಾಗವಲ್ಲ, ಭೇಟಿ ಮುಗಿದ ಮೇಲಿನ ಜಾಗ. ಬಸವನಗುಡಿಯ ಹಳೇ ಹೋಟೆಲುಗಳಲ್ಲಿ ಭಾನುವಾರ ಬೆಳಗ್ಗೆ ಟೇಬಲ್ ಹಿಡಿದು ಎರಡು ಗಂಟೆ ಕೂತರೆ ಹಿಂದೆ ನಿಂತಿರುವವರ ಶಾಪ ತಟ್ಟುತ್ತದೆ (ಶಾಪದಲ್ಲಿ ನಂಬಿಕೆ ಇಲ್ಲದಿದ್ದರೂ).

ಪಾರ್ಕಿನಲ್ಲಿ ಹತ್ತು ಹದಿನೈದು ಜನ ಚಾಪೆ ಹಾಸಿ ಕೂತರೆ ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಬ್ಯಾನರ್ ಕಟ್ಟಿ, ಮೈಕ್ ಹಿಡಿದರೆ ಕೇಳುತ್ತಾರೆ. ಪ್ರತಿಭಟನೆ, ಮೆರವಣಿಗೆಗಳು ಫ್ರೀಡಂ ಪಾರ್ಕಿನಲ್ಲಿ ಮಾತ್ರ ಎಂಬ 2021ರ ಪೊಲೀಸ್ ಆದೇಶ ಇದೆ. ಬ್ಯಾನರ್ ಕಂಡರೆ ನಿಮ್ಮದು ಹರಟೆಯೋ ಪ್ರತಿಭಟನೆಯೋ ಎಂದು ತೀರ್ಮಾನಿಸುವವರು ಅಲ್ಲಿನ ಪೇದೆ. ಕಬ್ಬನ್ ಪಾರ್ಕ್, ಲಾಲ್‌ಬಾಗ್ ಎರಡೂ ತೋಟಗಾರಿಕೆ ಇಲಾಖೆಯವು, ಕಾರ್ಯಕ್ರಮ ಎನ್ನುವಂಥದ್ದಕ್ಕೆ ಅವರ ಅನುಮತಿ ಬೇಕು.

ಸಭಾಂಗಣ ಬೇಕಾದರೆ ಗಾಂಧಿ ಭವನ, ಜೆ.ಸಿ. ರಸ್ತೆ ಕನ್ನಡ ಭವನದ ನಯನ ಇವನ್ನೆಲ್ಲ ವಿಚಾರಿಸಿ. ಐವತ್ತು ಜನಕ್ಕಿಂತ ಕಡಿಮೆ ಇದ್ದರೆ ಬಡಾವಣೆಯ ಸಣ್ಣ ಕಲ್ಯಾಣ ಮಂಟಪದ ಊಟದ ಮನೆ ಸಾಕು. ಇದಕ್ಕೊಂದು ಉಪಾಯ ಇದೆ: ಆಷಾಢದಲ್ಲೂ ಧನುರ್ಮಾಸದಲ್ಲೂ ಮದುವೆ ಇರುವುದಿಲ್ಲ, ಮಂಟಪ ಖಾಲಿ ಹೊಡೆಯುತ್ತಿರುತ್ತದೆ, ಬಾಡಿಗೆಯಲ್ಲಿ ಚೌಕಾಶಿ ನಡೆಯುತ್ತದೆ. ಪಿತೃಪಕ್ಷವೂ ಹಾಗೇ. ವರ್ಷದ ದೊಡ್ಡ ಸಮಾವೇಶವನ್ನು ಈ ಅಶುಭ ಕಾಲದಲ್ಲೇ ಇಟ್ಟುಕೊಳ್ಳಿ, ನಮಗೇನಂತೆ. ಮುಂಗಡ ಕೊಡುವ ಮೊದಲು ಕರೆಂಟು, ಶುಚಿಗೊಳಿಸುವ ಖರ್ಚು, ಜಿಎಸ್‌ಟಿ ಬಾಡಿಗೆಯಲ್ಲೇ ಸೇರಿದೆಯಾ, ಹೊರಗಿನ ಊಟ ತರಬಹುದಾ, ಠೇವಣಿ ಯಾವತ್ತು ವಾಪಸ್ ಎಂದು ಕೇಳಿ ರಸೀದಿಯ ಮೇಲೇ ಬರೆಸಿ.

ಇನ್ನು ವಾದದ ಕಾಟ. ಬಂದವರೆಲ್ಲ ನಾಸ್ತಿಕರೇ ಆದ ಮೇಲೆ ‘ದೇವರು ಇಲ್ಲ’ ಅನ್ನುವುದನ್ನು ಒಪ್ಪದವರು ಯಾರೂ ಇರುವುದಿಲ್ಲ. ಹಾಗಾಗಿ ಮಾತು ಮುಂದೆ ಹೋಗುವುದಿಲ್ಲ, ದನಿ ಮಾತ್ರ ಏರುತ್ತದೆ, ಇಬ್ಬರು ಗಂಡಸರು ಒಂದು ಗಂಟೆ ನುಂಗುತ್ತಾರೆ. ಆ ವಿಷಯವನ್ನು ಮುಖ್ಯ ಅವಧಿಯಿಂದ ಹೊರಗಿಡಿ. ಮೊದಲ 20 ನಿಮಿಷ ಕಾಫಿ ಮತ್ತು ಪರಿಚಯ, ಆಮೇಲೆ 30 ನಿಮಿಷ ಒಬ್ಬರು ಒಂದು ಗಟ್ಟಿ ವಿಷಯ ಹೇಳಲಿ: ಲಸಿಕೆ ಹೇಗೆ ತಯಾರಾಗುತ್ತದೆ, ರಾಹುಕಾಲದ ಲೆಕ್ಕ ಎಲ್ಲಿಂದ ಬಂತು, ಮನೆ ಕಟ್ಟುವಾಗ ಗಾಳಿ ಬೆಳಕಿನ ಲೆಕ್ಕ ಯಾವುದು, ವಾಸ್ತುವಿನ ಹೆದರಿಕೆ ಯಾವುದು. ಉಳಿದ ಹೊತ್ತು ಐದೈದು ಜನರ ಗುಂಪು ಮಾಡಿ. ಐದು ಜನರಲ್ಲಿ ಎಲ್ಲರೂ ಮಾತಾಡುತ್ತಾರೆ, ಹದಿನೈದರಲ್ಲಿ ಮೂವರು ಮಾತ್ರ. ಹೊಸಬರು ಬಂದಾಗ ಮಾತಾಡಿಸುವ ಕೆಲಸವನ್ನು ಪ್ರತಿ ಸಲ ಒಬ್ಬರಿಗೆ ವಹಿಸಿ. ‘ಎಲ್ಲರೂ ನೋಡಿಕೊಳ್ಳೋಣ’ ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ. ಹೊಸಬರ ಜಾತಿ, ಸರ್‌ನೇಮು ಕೆದಕುವ ಚಾಳಿ ವಿಚಾರವಾದಿಗಳಲ್ಲೂ ಇದೆ, ಅದನ್ನು ಮೊದಲ ದಿನವೇ ನಿಲ್ಲಿಸಿ.

ತಾರಸಿ ಖಗೋಳ:

ಮಕ್ಕಳಿಗೆ ಏನಾದರೂ ಬೇಕು ಅಂದಿರಲ್ಲ, ಶೂನ್ಯ ನೆರಳಿನ ದಿನ (ನೆಟ್ಟಗೆ ನಿಲ್ಲಿಸಿದ ವಸ್ತುವಿನ ನೆರಳು ಮಧ್ಯಾಹ್ನ ಮಾಯವಾಗುವ ದಿನ) ಮಾಡಿ. ಖರ್ಚು ಹೆಚ್ಚುಕಡಿಮೆ ಸೊನ್ನೆ. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಹಾಗಾಗಿ ವರ್ಷಕ್ಕೆ ಎರಡು ದಿನ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ: ಏಪ್ರಿಲ್ 24ರ ಸುಮಾರಿಗೆ ಮಧ್ಯಾಹ್ನ 12:17ಕ್ಕೆ, ಆಗಸ್ಟ್ 18ರ ಸುಮಾರಿಗೆ 12:24ಕ್ಕೆ. ಏಪ್ರಿಲ್ ದಿನವನ್ನೇ ಆರಿಸಿಕೊಳ್ಳಿ, ಆಗಸ್ಟ್‌ನಲ್ಲಿ ಮೋಡ ಕೈಕೊಡುತ್ತದೆ. ಒಂದು ದಿನ ಆಚೀಚೆ ಆದರೂ ಪರವಾಗಿಲ್ಲ. ಆ ದಿನಗಳಲ್ಲಿ ಸೂರ್ಯ ದಿನಕ್ಕೆ ಡಿಗ್ರಿಯ ಮೂರನೇ ಒಂದು ಭಾಗ ಸರಿಯುತ್ತಾನೆ, 30 ಸೆಂ.ಮೀ. ಕೊಳವೆಗೆ ಅದು 2 ಮಿ.ಮೀ.ಗಿಂತ ಕಡಿಮೆ ನೆರಳು. ಹಾಗಾಗಿ ಭಾನುವಾರ ಒಂದು ದಿನ ಆಚೀಚೆ ಬಿದ್ದರೆ ಅವತ್ತೇ ಇಟ್ಟುಕೊಳ್ಳಬಹುದು.

ಬೇಕಾದ್ದು 30 ಸೆಂ.ಮೀ. ಪಿವಿಸಿ ಪೈಪಿನ ತುಂಡು, ಸೀಮೆಸುಣ್ಣ, ರಸಮಟ್ಟ. ಪೈಪನ್ನು ಅಂಗಡಿಯವರ ಹತ್ತಿರವೇ ನೇರವಾಗಿ ಕತ್ತರಿಸಿಸಿ, ಮನೆಯಲ್ಲಿ ಗರಗಸ ಹಿಡಿದರೆ ತುದಿ ಓರೆಯಾಗುತ್ತದೆ. ಬಹಳ ಜನ ಎಡವುವುದು ತಾರಸಿಯ ನೆಲದಲ್ಲಿ. ಮಳೆನೀರು ಹರಿಯಲಿ ಅಂತ ತಾರಸಿಗೆ ಇಳಿಜಾರು ಕೊಟ್ಟಿರುತ್ತಾರೆ. ನೂರಕ್ಕೆ ಒಂದರಷ್ಟು ಇಳಿಜಾರಿದ್ದರೂ 3 ಮಿ.ಮೀ. ನೆರಳು ಉಳಿದುಬಿಡುತ್ತದೆ, ಆಗ ಮಕ್ಕಳು ‘ಎಲ್ಲಿ ಹೋಯ್ತು, ಇನ್ನೂ ಇದೆ’ ಅನ್ನುತ್ತವೆ. ಒಂದು ನೆಲದ ಟೈಲ್ ಇಟ್ಟು, ಕೆಳಗೆ ರಟ್ಟು ತುರುಕಿ, ರಸಮಟ್ಟದ ಗುಳ್ಳೆ ನಡುವೆ ನಿಲ್ಲುವವರೆಗೆ ಸರಿಮಾಡಿ. ರಸಮಟ್ಟ ಇಲ್ಲದಿದ್ದರೆ ಗೋಲಿ ಇಡಿ, ಎತ್ತಲೂ ಉರುಳಬಾರದು. 11:45ರಿಂದ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಗುರುತು ಹಾಕುತ್ತಾ ಬನ್ನಿ. ಬರೀ 12:17ಕ್ಕೆ ಬಂದು ನೋಡಿದರೆ ಒಂದು ಫೋಟೋ ಸಿಗುತ್ತದೆ ಅಷ್ಟೇ, ನೆರಳು ಕುಗ್ಗುವುದನ್ನು ನೋಡಿದರೇ ಮಜಾ.

ಹುಬ್ಬಳ್ಳಿಯಲ್ಲಿ ಯಾರಾದರೂ ಗೆಳೆಯರಿದ್ದರೆ ಭೂಮಿಯ ಸುತ್ತಳತೆಯನ್ನೇ ಅಳೆಯಬಹುದು. ಅದೇ ದಿನ ಅಲ್ಲಿ 12:27ರ ಸುಮಾರಿಗೆ 1 ಮೀಟರ್ ಕೋಲಿನ ಅತಿ ಚಿಕ್ಕ ನೆರಳು ಸುಮಾರು 4.2 ಸೆಂ.ಮೀ. ಬರಬೇಕು, ಅಂದರೆ 2.4 ಡಿಗ್ರಿ. ಎರಡೂ ಊರಿನ ಉತ್ತರ-ದಕ್ಷಿಣ ಅಂತರ ಸುಮಾರು 264 ಕಿ.ಮೀ. 360ನ್ನು 2.4ರಿಂದ ಭಾಗಿಸಿ 264ರಿಂದ ಗುಣಿಸಿದರೆ 39,600 ಕಿ.ಮೀ., ನಿಜವಾದದ್ದು 40,000ದ ಹತ್ತಿರ. ಇಲ್ಲಿ ರಸ್ತೆಯ ದೂರ ಹಾಕಿದರೆ ಲೆಕ್ಕ ಎಕ್ಕುಟ್ಟಿಹೋಗುತ್ತದೆ, ರಸ್ತೆ ವಾಯವ್ಯಕ್ಕೆ ಓರೆಯಾಗಿ ಹೋಗುವುದರಿಂದ 400 ಕಿ.ಮೀ. ದಾಟುತ್ತದೆ. ನೆರಳಿನ ಅಂಚು ಮಸುಕಾಗಿರುತ್ತದೆ, ಮಸುಕಿನ ನಡುಭಾಗವನ್ನು ಓದಿ. 2 ಮಿ.ಮೀ. ತಪ್ಪು ಓದಿದರೆ ಉತ್ತರ ಸುಮಾರು 2,000 ಕಿ.ಮೀ. ಆಚೀಚೆ ಆಗುತ್ತದೆ. ಮಂಗಳೂರಿನವರನ್ನು ಜೊತೆಗೆ ಹಾಕಿಕೊಂಡರೆ ಈ ಲೆಕ್ಕಕ್ಕೆ ಉಪಯೋಗವಿಲ್ಲ. ಅದು ನಮ್ಮ ಅಕ್ಷಾಂಶದಲ್ಲೇ ಇದೆ, ಅಲ್ಲಿಯೂ ನೆರಳು ಶೂನ್ಯ, ಹನ್ನೊಂದು ನಿಮಿಷ ತಡವಾಗಿ ಅಷ್ಟೇ.

ಇನ್ನೊಂದು, ನಿಮ್ಮ ಏರಿಯಾದ್ದೇ. ಸಂಕ್ರಾಂತಿಯ ಸಂಜೆ ಗವಿಪುರದ ಗವಿ ಗಂಗಾಧರೇಶ್ವರನಲ್ಲಿ ನಂದಿಯ ಕೊಂಬಿನ ನಡುವೆ ಬಿಸಿಲು ಹಾದು ಲಿಂಗದ ಮೇಲೆ ಬೀಳುವುದನ್ನು ಟೀವಿಯವರೆಲ್ಲ ತೋರಿಸುತ್ತಾರೆ. ಜನವರಿ 14ಕ್ಕೆ ಸೂರ್ಯ ಸುಮಾರು 21.4 ಡಿಗ್ರಿ ದಕ್ಷಿಣದಲ್ಲಿರುತ್ತಾನೆ. ದಕ್ಷಿಣಕ್ಕೆ ಇಳಿಯುತ್ತಾ ಹೋಗುವಾಗಲೂ ಅದೇ ಜಾಗ ದಾಟಿಯೇ ಹೋಗಿರಬೇಕಲ್ಲ? ಅದು ನವೆಂಬರ್ 28, 29ರ ಸುಮಾರು. ಅಂದರೆ ಅದೇ ಬಿಸಿಲು ಅದೇ ದಾರಿಯಲ್ಲಿ ವರ್ಷಕ್ಕೆ ಎರಡು ಸಲ ಬರುತ್ತದೆ, ನವೆಂಬರಿನದ್ದು ಗಡಿಯಾರದಲ್ಲಿ ಸುಮಾರು 20 ನಿಮಿಷ ಮುಂಚೆ. ಆಗ ಕ್ಯಾಮೆರಾ ಇಲ್ಲ, ಕ್ಯೂ ಇಲ್ಲ. ನವೆಂಬರ್ ಕೊನೆಯಲ್ಲಿ ಒಂದು ನಡಿಗೆ ಇಟ್ಟುಕೊಳ್ಳಿ. ಇದನ್ನು ‘ಪವಾಡ ಬಯಲು’ ಅಂತ ಹೆಸರಿಡಬೇಡಿ, ಕಟ್ಟಿದವರ ಕೈಚಳಕ ಮೆಚ್ಚಿಕೊಳ್ಳಬೇಕಾದ್ದೇ. ಒಳಗೆ ಹೋದವರು ಸುಮ್ಮನೆ ನೋಡಿ ಬನ್ನಿ, ಅರ್ಚಕರ ಜೊತೆ ವಾದ ಬೇಡ, ಲೆಕ್ಕವನ್ನೆಲ್ಲ ಹೊರಗೆ ಬಂದು ಹೇಳಿ. ನಿಜವಾದ ಉತ್ತರಾಯಣ ಡಿಸೆಂಬರ್ 21–22ಕ್ಕೇ ಶುರುವಾಗುತ್ತದೆ, ಸಂಕ್ರಾಂತಿ ಯಾಕೆ ಮೂರು ವಾರ ತಡವಾಗಿ ಬರುತ್ತದೆ ಎಂಬುದು ಅಲ್ಲಿಂದ ಸಹಜವಾಗಿ ಹುಟ್ಟುವ ಪ್ರಶ್ನೆ.

ಗ್ರಹಣದ ದಿನ ಊಟ ಇಟ್ಟುಕೊಳ್ಳುವುದು ಎಲ್ಲರಿಗೂ ಗೊತ್ತಿರುವುದೇ. ಸೂರ್ಯಗ್ರಹಣಕ್ಕೆ ರಟ್ಟಿನಲ್ಲಿ 1 ಮಿ.ಮೀ. ತೂತು ಮಾಡಿ 1 ಮೀಟರ್ ದೂರದ ಬಿಳಿ ಹಾಳೆಗೆ ಹಿಡಿದರೆ 9 ಮಿ.ಮೀ. ಸೂರ್ಯ ಕಾಣುತ್ತಾನೆ. ಎಕ್ಸ್‌ರೇ ಫಿಲ್ಮು, ಕೂಲಿಂಗ್ ಗ್ಲಾಸು, ಸಗಣಿ ನೀರು ಯಾವುದರಲ್ಲೂ ಸೂರ್ಯನನ್ನು ನೋಡಬಾರದು. ಅದು ಮೂಢನಂಬಿಕೆ ಅಲ್ಲ, ಕಣ್ಣು ಹೋಗುತ್ತದೆ.

ಗಾಂಧಿಬಜಾರ್ ಓದುಗ:

ತುಂಬಾ ಉಪಕಾರವಾಯಿತು. ಎರಡು ಉಪಪ್ರಶ್ನೆ. ಬರಿಗೈಯಲ್ಲಿ ಬೂದಿ ತರಿಸುವುದು, ಉರಿಯುವ ಕರ್ಪೂರ ನುಂಗುವುದು ಇಂಥ ‘ಪವಾಡ’ಗಳ ಪ್ರಾತ್ಯಕ್ಷಿಕೆಯನ್ನು ಸರ್ಕಾರಿ ಶಾಲೆಯ ಮಕ್ಕಳಿಗೆ ಮಾಡಿ ತೋರಿಸಬೇಕೆಂಬ ಆಸೆ ಕೆಲವರಿಗಿದೆ, ಮಾಡಬಹುದಾ? ಮತ್ತೆ, ನಾಸ್ತಿಕರು ಅಂತ ಮನೆಯಲ್ಲಿ ಗೊತ್ತಿಲ್ಲದ ಸದಸ್ಯರಿದ್ದಾರೆ, ಅವರ ಹೆಸರು ಹೊರಬೀಳದ ಹಾಗೆ ನೋಡಿಕೊಳ್ಳುವುದು ಹೇಗೆ?

ಕಡಲೆಕಾಯಿ ಪರಿಷೆ:

ಕರ್ಪೂರ ಬೇಡವೇ ಬೇಡ. ಒದ್ದೆ ನಾಲಗೆಯ ಮೇಲೆ ಬುಡ ಬಿಸಿಯಾಗುವ ಮುಂಚೆ ಬಾಯಿ ಮುಚ್ಚಿ ಆರಿಸುವುದೇ ಅದರ ಗುಟ್ಟು. ಆದರೆ ಕರ್ಪೂರ ಹೊಟ್ಟೆಗೆ ಹೋದರೆ ವಿಷ, ಚಿಕ್ಕ ಮಕ್ಕಳಿಗೆ ಫಿಟ್ಸ್ ಬರುತ್ತದೆ. ನೀವು ತೋರಿಸಿದ್ದನ್ನು ಸಂಜೆ ಮನೆಯಲ್ಲಿ ಮಕ್ಕಳು ಮಾಡೇ ಮಾಡುತ್ತಾರೆ. ಬೆಂಕಿ, ತ್ರಿಶೂಲ, ರಾಸಾಯನಿಕ ಯಾವುದೂ ಶಾಲೆಗೆ ಬೇಡ.

ಬೂದಿ ಮಾಡಬಹುದು. ಜರಡಿ ಹಿಡಿದ ವಿಭೂತಿಗೆ ತೆಳು ಗಂಜಿ ನೀರು ಹನಿಹನಿಯಾಗಿ ಹಾಕಿ ಕಲಸಿ, ಕಡಲೆಕಾಳಿನ ಗಾತ್ರ ಉಂಡೆ ಮಾಡಿ ನೆರಳಲ್ಲಿ ಒಣಗಿಸಿ. ಗಂಜಿ ಹೆಚ್ಚಾದರೆ ಉಂಡೆ ಕಲ್ಲಾಗುತ್ತದೆ, ಬೆರಳಲ್ಲಿ ಪುಡಿಯಾಗುವುದಿಲ್ಲ. ಕಡಿಮೆಯಾದರೆ ಅಂಗೈ ಬೆವರಿಗೇ ಒಡೆದು ಮೊದಲೇ ಉದುರಿ ಮರ್ಯಾದೆ ಹೋಗುತ್ತದೆ. ಹೆಬ್ಬೆರಳು ತೋರುಬೆರಳಿನ ಬುಡದ ಸಂದಿಯಲ್ಲಿ ಸಿಕ್ಕಿಸಿ, ಅಂಗೈ ಕೆಳಮುಖ ಮಾಡಿ ಕೈ ಸುತ್ತಿಸುತ್ತಾ ತುದಿಬೆರಳಿಗೆ ತಂದು ಉಜ್ಜಬೇಕು. ಕನ್ನಡಿ ಮುಂದೆ ಕೈ ಪಳಗದೆ ವೇದಿಕೆ ಹತ್ತಬೇಡಿ.

ಅದಕ್ಕಿಂತ ಒಳ್ಳೆಯದು ಅರಿಶಿನ. ಒಂದು ಚಮಚ ಅರಿಶಿನವನ್ನು ಅರ್ಧ ಲೋಟ ನೀರಿಗೆ ಕದಡಿ, ಬಿಳಿ ಹಾಳೆಗೆ ಬಳಿದು ಒಣಗಿಸಿ. ಎಲೆಅಡಿಕೆ ಸುಣ್ಣವನ್ನು ನೀರಿಗೆ ಹಾಕಿ, ಮೇಲೆ ನಿಂತ ತಿಳಿಯಲ್ಲಿ ಕಿವಿಕಡ್ಡಿ ಅದ್ದಿ ಆ ಹಾಳೆಯ ಮೇಲೆ ಬರೆದರೆ ಅಕ್ಷರ ರಕ್ತಗೆಂಪು. ನಿಂಬೆರಸ ತಾಗಿಸಿದರೆ ಮತ್ತೆ ಹಳದಿ. ಆರತಿ ತಟ್ಟೆಯ ಕೆಂಪು ನೀರಿನ ಗುಟ್ಟೂ ಇದೇ, ಮಕ್ಕಳಿಗೆ ಕೂಡಲೇ ಹೊಳೆಯುತ್ತದೆ. ಸುಣ್ಣ ಕಣ್ಣಿಗೆ ಹಾರಿದರೆ ಅಪಾಯ, ತಿಳಿ ತೆಗೆಯುವ ಕೆಲಸ ದೊಡ್ಡವರದ್ದೇ ಆಗಿರಲಿ. ಮೊದಲು ಕೆಂಪು ಮಾಡಿ ತೋರಿಸಿ, ‘ಹೇಗಾಯ್ತು, ಪರೀಕ್ಷೆ ಮಾಡೋದು ಹೇಗೆ’ ಅಂತ ಕೇಳಿ ಹತ್ತು ನಿಮಿಷ ಬಿಡಿ. ನೀವೇ ಗುಟ್ಟು ಹೇಳಿಬಿಟ್ಟರೆ ಅವರು ಕಲಿತದ್ದು ಒಂದು ಟ್ರಿಕ್ ಮಾತ್ರ. ಯಾವ ಬಾಬಾ, ಸ್ವಾಮಿಯ ಹೆಸರೂ ಎತ್ತಬೇಡಿ. ಮುಖ್ಯೋಪಾಧ್ಯಾಯರ ಒಪ್ಪಿಗೆ ಬರಹದಲ್ಲಿರಲಿ. ಫೆಬ್ರವರಿ 28ರ ವಿಜ್ಞಾನ ದಿನದ ಹೆಸರಲ್ಲಿ ಕೇಳಿದರೆ ಸುಲಭವಾಗಿ ಒಪ್ಪುತ್ತಾರೆ.

ಕಾನೂನು ಕಟ್ಟೆ:

ಗೌಪ್ಯತೆ ಬಗ್ಗೆ. ವಾಟ್ಸಾಪ್ ಗುಂಪಿನಲ್ಲಿ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ. ಅದರ ಬದಲು ‘ಕಮ್ಯುನಿಟಿ’ ಮಾಡಿ ಪ್ರಕಟಣೆ ವಿಭಾಗ ಮಾತ್ರ ಬಳಸಿ, ಅಲ್ಲಿ ಸದಸ್ಯರ ನಂಬರ್ ಪರಸ್ಪರ ಕಾಣುವುದಿಲ್ಲ. ಭೇಟಿಯಲ್ಲಿ ಹೆಸರಿನ ಚೀಟಿಗೆ ಕೆಂಪು ಚುಕ್ಕೆ ಅಂಟಿಸಿಕೊಂಡವರ ಫೋಟೋ ತೆಗೆಯುವಂತಿಲ್ಲ ಎಂಬ ನಿಯಮ ಇಡಿ. ಗುಂಪು ಫೋಟೋ ಕೊನೆಗೆ, ಬೇಕಾದವರು ಮಾತ್ರ ಬಂದು ನಿಲ್ಲಲಿ. ಫೇಸ್‌ಬುಕ್ ಲೈವ್ ಬೇಡ, ಹಿಂದೆ ಹಾದುಹೋದವರ ಮುಖವೂ ಬೀಳುತ್ತದೆ.

ಸಂವಿಧಾನದ 51ಎ(ಎಚ್) ವೈಜ್ಞಾನಿಕ ಮನೋಭಾವವನ್ನು ನಾಗರಿಕರ ಕರ್ತವ್ಯ ಎನ್ನುತ್ತದೆ, 1976ರ 42ನೇ ತಿದ್ದುಪಡಿಯಲ್ಲಿ ಸೇರಿದ್ದು. ಭಾಷಣಕ್ಕೆ ಚೆನ್ನಾಗಿರುತ್ತದೆ, ಆದರೆ ಅದು ಗುರಾಣಿ ಅಲ್ಲ. ಧಾರ್ಮಿಕ ಭಾವನೆ ಕೆರಳಿಸುವ ಉದ್ದೇಶದ ಮಾತು, ಬರಹ, ಚಿತ್ರಕ್ಕೆ ಹಳೇ ಐಪಿಸಿ 295ಎ ಇತ್ತಲ್ಲ, 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 299. ಭೇಟಿಯಲ್ಲಿ ಆಡಿದ ಮಾತಿಗಿಂತ ಗುಂಪಿಗೆ ಬಂದ ಮೀಮ್ ಅಪಾಯ. ಸ್ಕ್ರೀನ್‌ಶಾಟ್ ಆಗಿ ಹೊರಗೆ ಹೋದ ಮೇಲೆ ಸಂದರ್ಭ ಉಳಿಯುವುದಿಲ್ಲ. ಮೀಮ್‌ಗಳಿಗೆ ಅವಕಾಶವೇ ಬೇಡ.

ಇನ್ನೊಂದು ತಪ್ಪು ಕಲ್ಪನೆ: ರಾಜ್ಯದ ಮಾಟಮಂತ್ರ ತಡೆ ಕಾಯ್ದೆ (2017ರದ್ದು, 2020ರ ಜನವರಿಯಿಂದ ಜಾರಿ) ಜ್ಯೋತಿಷ್ಯ, ವಾಸ್ತುವನ್ನು ನಿಷೇಧಿಸಿಲ್ಲ. ಕರಪತ್ರದಲ್ಲಿ ಹಾಗೆ ಅಚ್ಚು ಹಾಕಿಸಿ ಸಿಕ್ಕಿಬೀಳಬೇಡಿ.

ನಿಮ್ಮಲ್ಲಿ ಮದುವೆ ವಯಸ್ಸಿನವರು ಇದ್ದೇ ಇರುತ್ತಾರೆ, ಒಂದು ಭೇಟಿ ವಿಶೇಷ ವಿವಾಹ ಕಾಯ್ದೆಗೆ ಮೀಸಲಿಡಿ. ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿರಬೇಕು. ವಿವಾಹಾಧಿಕಾರಿಗೆ ನೋಟಿಸ್ ಕೊಟ್ಟ ಮೇಲೆ 30 ದಿನ ಕಾಯಬೇಕು, ಮೂರು ತಿಂಗಳೊಳಗೆ ಮದುವೆಯಾಗದಿದ್ದರೆ ಹೊಸ ನೋಟಿಸ್ ಬೇಕು. ಸಾಕ್ಷಿಗಳು ಮೂವರು. ನೋಟಿಸನ್ನು ಕಚೇರಿಯ ಗೋಡೆಗೆ ಅಂಟಿಸುತ್ತಾರೆ, ಮನೆಯವರ ವಿರೋಧ ಇರುವವರು ಇದನ್ನು ತಿಳಿದೇ ಹೆಜ್ಜೆ ಇಡಬೇಕು. ಹೂಹಾರ ಬದಲಿಸಿಕೊಂಡರೆ ಮದುವೆ ಸಿಂಧು ಎನ್ನುವ ಸ್ವಾಭಿಮಾನ ವಿವಾಹದ ತಿದ್ದುಪಡಿ ತಮಿಳುನಾಡಿನದ್ದು, ಕರ್ನಾಟಕಕ್ಕೆ ಅನ್ವಯಿಸುವುದಿಲ್ಲ. ಹಾಗಾಗಿ ನೋಂದಣಿ ಒಂದು ದಿನ, ಗೆಳೆಯರ ಊಟ ಇನ್ನೊಂದು ದಿನ ಇಟ್ಟುಕೊಳ್ಳುವುದೇ ಸಲೀಸು.

ಹನುಮಂತನಗರ ಅಜ್ಜಿ:

ಮದುವೆ ಹೇಳಿದಿರಿ, ಸಾವಿನ ಮನೆಯ ಮಾತು ಯಾರೂ ಎತ್ತಲಿಲ್ಲ. ಗುಂಪು ನಿಜವಾಗಿ ಬೇಕಾಗುವುದು ಅಲ್ಲಿ. ಪುರೋಹಿತರು ಬೇಡ ಎಂದ ಮನೆಗೆ ಮೊದಲ ಎರಡು ಗಂಟೆಯಲ್ಲಿ ಏನು ಮಾಡಬೇಕು ಅಂತ ತೋಚುವುದಿಲ್ಲ, ಅಷ್ಟರಲ್ಲಿ ನೆಂಟರು ಎಲ್ಲ ಶುರುಮಾಡಿಬಿಟ್ಟಿರುತ್ತಾರೆ. ಒಂದು ಪುಟದ ಹಾಳೆ ಮಾಡಿ ಪ್ರತಿ ಸದಸ್ಯರ ಮನೆಯಲ್ಲಿಡಿ.

ಕಣ್ಣು ದಾನ ಮಾಡುವುದಾದರೆ ಜೀವ ಹೋದ ಆರು ಗಂಟೆಯೊಳಗೆ ತೆಗೆಯಬೇಕು. ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಿ, ತಲೆಯಡಿ ದಿಂಬು ಕೊಡಿ, ಫ್ಯಾನ್ ಆರಿಸಿ. ಕನ್ನಡಕ ಹಾಕುವವರು, ಪೊರೆ ಆಪರೇಷನ್ ಆದವರೂ ಕೊಡಬಹುದು. 2021ರಲ್ಲಿ ಪುನೀತ್ ರಾಜ್‌ಕುಮಾರ್ ಕಣ್ಣು ಕೊಟ್ಟ ಮೇಲೆ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ದೇಹದಾನ ಹಾಗಲ್ಲ, ಮೊದಲೇ ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗದಲ್ಲಿ ಫಾರಂ ತುಂಬಿ ಇಬ್ಬರು ಸಾಕ್ಷಿ ಹಾಕಿಸಿಡಿ. ಮರಣೋತ್ತರ ಪರೀಕ್ಷೆ ಆದ ದೇಹವನ್ನು ಕಾಲೇಜಿನವರು ತೆಗೆದುಕೊಳ್ಳುವುದಿಲ್ಲ, ಕೆಲವು ಸೋಂಕು ರೋಗಗಳಿದ್ದರೂ ಇಲ್ಲ. ಕಣ್ಣು ಕೊಟ್ಟಿದ್ದರೆ ತೊಂದರೆ ಇಲ್ಲ. ಸತ್ತವರು ಬರೆದುಕೊಟ್ಟಿದ್ದರೂ ಮನೆಯವರು ಒಪ್ಪದೆ ನಡೆಯುವುದಿಲ್ಲ, ಆದ್ದರಿಂದ ಸಾಕ್ಷಿ ಸಹಿ ಮಗನದ್ದೋ ಮಗಳದ್ದೋ ಇರಲಿ, ಗೆಳೆಯರದ್ದಲ್ಲ. ಕಾಲೇಜು ಬೇಡ ಎಂದರೆ ಯಾವ ವಿದ್ಯುತ್ ಚಿತಾಗಾರ ಅಂತಲೂ ಅದೇ ಹಾಳೆಯಲ್ಲಿ ಬರೆದಿಡಿ. ವೈದ್ಯರು ಕೊಟ್ಟ ಮರಣದ ಚೀಟಿ, ಆಧಾರ್ ಎರಡೂ ಎಲ್ಲ ಕಡೆ ಕೇಳುತ್ತಾರೆ, ನಾಲ್ಕು ಜೆರಾಕ್ಸ್ ಮಾಡಿಸಿ.

ಹನ್ನೊಂದನೇ ದಿನ, ಹದಿಮೂರನೇ ದಿನದ ಬದಲು ಒಂದು ಭಾನುವಾರ ನುಡಿನಮನ ಇಟ್ಟುಕೊಳ್ಳಿ. ಒಂದೂವರೆ ಗಂಟೆ, ಏಳೆಂಟು ಜನ, ಒಬ್ಬೊಬ್ಬರಿಗೆ ಐದು ನಿಮಿಷ, ಆಮೇಲೆ ಊಟ. ಊಟ ಬಿಡಬೇಡಿ, ದೂರದಿಂದ ಬಂದ ನೆಂಟರು ಅದಕ್ಕೇ ಮುನಿಸಿಕೊಳ್ಳುವುದು. ನಂಬುವ ನೆಂಟರೂ ಬರುತ್ತಾರೆ, ಅವರು ಮನಸ್ಸಿನಲ್ಲಿ ಪ್ರಾರ್ಥನೆ ಮಾಡಿಕೊಂಡರೆ ನಿಮ್ಮ ಗಂಟೇನು ಹೋಗುವುದಿಲ್ಲ.

ಹಬ್ಬದ ದಿನ ಒಂಟಿಯಾಗಿ ರೂಮಿನಲ್ಲಿ ಕೂರುವ ಹುಡುಗ ಹುಡುಗಿಯರು ನಿಮ್ಮ ಗುಂಪಿನಲ್ಲಿ ಬೇಕಾದಷ್ಟಿರುತ್ತಾರೆ. ಯುಗಾದಿಗೂ ದೀಪಾವಳಿಗೂ ಯಾರಾದರೊಬ್ಬರ ಮನೆಯಲ್ಲಿ ಹೋಳಿಗೆ ಊಟ ಹಾಕಿ. ಪೂಜೆ ಇಲ್ಲದಿದ್ದರೂ ಹೋಳಿಗೆ ಬೇಯುತ್ತದಪ್ಪ.

ಗಾಂಧಿಬಜಾರ್ ಓದುಗ:

ಅಜ್ಜಿ, ಹಾಳೆಯ ಕೆಲಸ ಈ ತಿಂಗಳೇ ಶುರುಮಾಡುತ್ತೇವೆ. ಕೊನೆಯದು, ದುಡ್ಡು. ಸಂಘ ನೋಂದಾಯಿಸಬೇಕಾ?

ಸೌತ್ ಎಂಡ್ ಸರ್ಕಲ್:

ಈಗಲೇ ಬೇಡ. 1960ರ ಸಂಘಗಳ ನೋಂದಣಿ ಕಾಯ್ದೆಗೆ ಏಳು ಜನ ಸಾಕು, ಆದರೆ ಪ್ರತಿ ವರ್ಷ ಮಹಾಸಭೆ, ಲೆಕ್ಕಪರಿಶೋಧನೆ, ಲೆಕ್ಕಪತ್ರ ಸಲ್ಲಿಕೆ ತಪ್ಪುವುದಿಲ್ಲ. ಎಂಟೊಂಬತ್ತು ಜನರ ಗುಂಪಿನ ಅರ್ಧ ಶಕ್ತಿ ಅದಕ್ಕೇ ಹೋಗುತ್ತದೆ, ಅಧ್ಯಕ್ಷಗಿರಿಯ ಜಗಳ ಬೇರೆ. ಸದ್ಯಕ್ಕೆ ಭೇಟಿಗೆ ತಲೆಗೆ 100 ರೂಪಾಯಿ, ವಿದ್ಯಾರ್ಥಿಗಳಿಗೆ ಇಲ್ಲ. ಸಂಗ್ರಹಿಸುವವರು ಒಬ್ಬರು, ಖರ್ಚು ಬರೆಯುವವರು ಇನ್ನೊಬ್ಬರು. ಭೇಟಿ ಮುಗಿದ ಸಂಜೆಯೇ ಬಿಲ್ಲುಗಳ ಫೋಟೋ ಸಮೇತ ಲೆಕ್ಕ ಪ್ರಕಟಣೆ ವಿಭಾಗಕ್ಕೆ ಹಾಕಿ. ಮಂಟಪದವರು ಸಂಸ್ಥೆಯ ಹೆಸರಲ್ಲೇ ರಸೀದಿ ಕೊಡುವುದು ಎಂದಾಗ, ಇಲ್ಲವೇ ಬ್ಯಾಂಕ್ ಖಾತೆ ಬೇಕೇಬೇಕಾದಾಗ ನೋಂದಣಿ ಯೋಚಿಸಿ.